ಮನೆತನಗಳ ಇತಿಹಾಸಕ್ಕೊಂದು ಜಾಲತಾಣ: ಗದಗ ಸೀಮೆಯ ಸ್ವಯಂಸೇವಕರಿಗೆ ಸಮಗ್ರ ಮಾರ್ಗದರ್ಶಿ

ಸುಗ್ಗಿ ಮುಗಿದು ಕಣದ ರಾಶಿ ಮನೆ ಸೇರಿದ ಮೇಲೆ ಹೆಳವರು ಊರಿಗೆ ಬರುತ್ತಿದ್ದುದನ್ನು ಗದಗ, ಧಾರವಾಡ, ಹಾವೇರಿ ಸೀಮೆಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಎತ್ತಿನ ಗಂಟೆಯ ಸದ್ದಿನೊಡನೆ ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷ ಯಾವ ಊರಿನಿಂದ ಬಂದವನು, ಅವನಿಗೆ ಮಕ್ಕಳೆಷ್ಟು, ಯಾರು ಎಲ್ಲಿಗೆ ಹೋಗಿ ನೆಲೆ ನಿಂತರು ಎಂಬುದನ್ನು ತಲೆಮಾರಿನಿಂದ ತಲೆಮಾರಿಗೆ ಹೇಳುತ್ತಾ ಹೋಗಿ, ಹಿಂದಿನ ಸಲ ಬಂದು ಹೋದ ಮೇಲೆ ಹುಟ್ಟಿದವರ ಹೆಸರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು, ಕಾಳು, ಬಟ್ಟೆ, ಹಣ ಪಡೆದು ಮುಂದಿನ ಊರಿಗೆ ಸಾಗುವುದು ಅವರ ವೃತ್ತಿ. ಊರಿನ ಮನೆತನಗಳ ಇತಿಹಾಸಕ್ಕಾಗಿ ಜಾಲತಾಣ ನಡೆಸಲು ಹೊರಟವರು ಮಾಡಬೇಕಾದುದೂ ಬಹುಮಟ್ಟಿಗೆ ಇದೇ. ಆದರೆ ಹೆಳವರು ಆ ಮನೆಯವರ ಎದುರು ಮಾತ್ರ ಓದುತ್ತಾರೆ, ಜಾಲತಾಣವು ಯಾರು ಬಂದರೂ ಓದಿ ಹೇಳುತ್ತದೆ. ಆದ್ದರಿಂದ ನಮ್ಮ ಕೆಲಸಕ್ಕೆ ಎರಡು ಕಟ್ಟುಗಳು ಬೇಕಾಗುತ್ತವೆ: ಆಧಾರವಿಲ್ಲದ ಹೆಸರನ್ನು ಏರಿಸಬಾರದು, ಬದುಕಿರುವವರ ಹೆಸರನ್ನು ಬಯಲಿಗಿಡಬಾರದು. ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಎರಡರ ವಿಸ್ತರಣೆಯೇ ಆಗಿವೆ.

ಎಷ್ಟು ಊರು, ಯಾವ ಕಾಲ

ಉತ್ಸಾಹದಲ್ಲಿ ಇಡೀ ಜಿಲ್ಲೆಯನ್ನು ಹಿಡಿಯಲು ಹೋಗಬೇಡಿ. ಒಂದು ಊರು ಸಾಕು, ಗದಗ-ಬೆಟಗೇರಿಯಂಥ ಪಟ್ಟಣವಾದರೆ ಒಂದು ಓಣಿ ಸಾಕು. ನಾವು ಮೊದಲು ಒಂದೇ ತಾಲ್ಲೂಕಿನ ಹತ್ತು ಊರುಗಳನ್ನು ಒಮ್ಮೆಗೇ ಆರಂಭಿಸಿ, ವರ್ಷ ಕಳೆದರೂ ಒಂದೂರಿನ ಕೆಲಸವೂ ತುದಿ ಮುಟ್ಟದೆ, ಕೊನೆಗೆ ಒಂಬತ್ತನ್ನು ಕೈಬಿಟ್ಟೆವು. ಉಳಿಸಿಕೊಂಡ ಆ ಒಂದೂರಿನ ಕೆಲಸ ನಡೆಯಿತು.

ಊರನ್ನು ಆರಿಸಿಕೊಂಡ ಕೂಡಲೇ ಆ ಊರು ಯಾವ ಕಾಲದಲ್ಲಿ ಯಾರ ಆಳ್ವಿಕೆಗೆ ಸೇರಿತ್ತು ಎಂಬುದನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಬೇಕು. ಗದಗ ಮತ್ತು ಹಾವೇರಿ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ, ಅದಕ್ಕೆ ಮೊದಲು ಎರಡೂ ಧಾರವಾಡ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರವರೆಗೆ ಧಾರವಾಡ ಜಿಲ್ಲೆ ಮುಂಬಯಿಗೆ ಸೇರಿತ್ತು. ಇದರ ನಡುವೆಯೇ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿಯೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿಯೂ ಇದ್ದವು, ಸವಣೂರಿಗೆ ತನ್ನದೇ ನವಾಬರಿದ್ದರು. ಹೀಗಾಗಿ ಹತ್ತು ಮೈಲಿ ಅಂತರದ ಎರಡು ಊರುಗಳ ಹಳೆಯ ಕಾಗದಗಳು ಬೇರೆ ಬೇರೆ ದಫ್ತರಗಳಲ್ಲಿ, ಬೇರೆ ಬೇರೆ ನಮೂನೆಗಳಲ್ಲಿ ಇರುತ್ತವೆ. ಜಾಲತಾಣದಲ್ಲಿ ಊರಿನ ಹೆಸರು ಬರೆಯುವಾಗ ಇಂದಿನ ತಾಲ್ಲೂಕು, ಜಿಲ್ಲೆಗಳ ಜೊತೆಗೆ ಆ ಘಟನೆ ನಡೆದ ಕಾಲದ ತಾಲ್ಲೂಕು ಅಥವಾ ಸಂಸ್ಥಾನವನ್ನೂ ದಾಖಲಿಸಿ. ಇಲ್ಲವಾದರೆ 1930ರಲ್ಲಿ ಶಿರಹಟ್ಟಿಯಲ್ಲಿ ಹುಟ್ಟಿದವರ ದಾಖಲೆಯನ್ನು ಮೊಮ್ಮಕ್ಕಳು ಧಾರವಾಡದ ಕಡತಗಳಲ್ಲಿ ಹುಡುಕಿ ದಣಿಯುತ್ತಾರೆ.

ಬಳಗ ಮತ್ತು ಕೀಲಿಕೈ

ಐದಾರು ಜನ ಸಾಕು. ಮನೆಮನೆಗೆ ಹೋಗಿ ಮಾತಾಡಬಲ್ಲವರು ಇಬ್ಬರು, ಹಳೆಯ ಕಾಗದ ಓದಬಲ್ಲವರು ಒಬ್ಬರು, ಗಣಕಯಂತ್ರದ ಕೆಲಸ ತಿಳಿದವರು ಒಬ್ಬರು, ಏರಿಸಿದ್ದನ್ನೆಲ್ಲ ಅನುಮಾನದಿಂದ ನೋಡುವವರು ಒಬ್ಬರು ಇರಲಿ. ಕೊನೆಯವರು ಎಲ್ಲರಿಗೂ ಸ್ವಲ್ಪ ಕಿರಿಕಿರಿ ಎನಿಸುತ್ತಾರೆ, ಆದರೂ ಅವರನ್ನು ಬಿಟ್ಟುಕೊಡಬೇಡಿ. ಮನೆಮನೆಗೆ ಹೋಗುವ ಇಬ್ಬರಲ್ಲಿ ಒಬ್ಬರಾದರೂ ಹೆಣ್ಣುಮಕ್ಕಳಾಗಿರಬೇಕು, ಏಕೆಂದರೆ ಒಳಮನೆಯ ಮಾತು ಪಡಸಾಲೆಯಲ್ಲಿ ಕುಳಿತವರಿಗೆ ಕೇಳಿಸುವುದಿಲ್ಲ.

ಜಾಲತಾಣದ ಹೆಸರಿನ ನೋಂದಣಿ, ಸರ್ವರ್ ಬಾಡಿಗೆ, ಮಿಂಚಂಚೆ ಇವೆಲ್ಲ ಬಳಗದ ಹೆಸರಿನಲ್ಲಿರಬೇಕೇ ಹೊರತು ಒಬ್ಬ ಹುಡುಗನ ಹೆಸರಿನಲ್ಲಿ ಇರಬಾರದು. ನಮ್ಮಲ್ಲಿ ಈ ಕೆಲಸ ನೋಡುತ್ತಿದ್ದ ಹುಡುಗನಿಗೆ ಹೊರದೇಶದಲ್ಲಿ ನೌಕರಿ ಸಿಕ್ಕಿತು. ಅವನ ಹಳೆಯ ಮೊಬೈಲ್ ಸಂಖ್ಯೆ ರದ್ದಾಯಿತು, ನವೀಕರಣದ ಎಚ್ಚರಿಕೆ ಆ ಸಂಖ್ಯೆಗೇ ಹೋಯಿತು, ಜಾಲತಾಣ ಎರಡು ತಿಂಗಳು ಮುಚ್ಚಿತ್ತು. ತಪ್ಪು ಅವನದಲ್ಲ, ನಮ್ಮದು. ಈಗ ಗುಪ್ತಪದಗಳನ್ನು ಕಾಗದದ ಮೇಲೆ ಬರೆದು, ಲಕೋಟೆಯಲ್ಲಿಟ್ಟು, ಇಬ್ಬರ ಮನೆಯ ತಿಜೋರಿಯಲ್ಲಿ ಇಟ್ಟಿದ್ದೇವೆ, ನವೀಕರಣದ ದಿನಾಂಕವನ್ನು ಎಲ್ಲರ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇವೆ.

ತಂತ್ರಾಂಶದ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮನೆಯ ಗಣಕಯಂತ್ರದಲ್ಲಿ ವಂಶಾವಳಿ ಕಟ್ಟಲು ಗ್ರ್ಯಾಂಪ್ಸ್, ಜಾಲತಾಣದಲ್ಲಿ ತೋರಿಸಲು ವೆಬ್‌ಟ್ರೀಸ್ ಎಂಬ ಮುಕ್ತ ತಂತ್ರಾಂಶಗಳು ಹಣವಿಲ್ಲದೆ ಸಿಗುತ್ತವೆ. ಎರಡೂ ಜೆಡ್‌ಕಾಮ್ ಎಂಬ ಸಾಮಾನ್ಯ ನಮೂನೆಯಲ್ಲಿ ಮಾಹಿತಿಯನ್ನು ಹೊರಕ್ಕೆ ಕೊಡುತ್ತವೆ. ಯಾವ ತಂತ್ರಾಂಶವನ್ನೇ ಆರಿಸಿದರೂ ಜೆಡ್‌ಕಾಮ್ ಕಡತವಾಗಿ ಎಲ್ಲವನ್ನೂ ಹೊರತೆಗೆಯಲು ಬರುತ್ತದೆಯೇ ಎಂಬುದೊಂದನ್ನು ಮೊದಲೇ ಪರೀಕ್ಷಿಸಿ. ಬಾರದಿದ್ದರೆ ಅದನ್ನು ಬಿಟ್ಟುಬಿಡಿ. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಪಟ್ಟಿಗಳು ಸಿಕ್ಕಿದರೆ ಏರಿಸುವ ಮುನ್ನ ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ ತಿದ್ದಬೇಕು.

ಹಿರಿಯರ ಬಾಯಿಂದ

ಕಾಗದಕ್ಕೆ ಅವಸರವಿಲ್ಲ, ಹಿರಿಯರಿಗೆ ಇದೆ. ಆದ್ದರಿಂದ ದಾಖಲೆಗಳಿಗಿಂತ ಮೊದಲು ಎಂಬತ್ತು ದಾಟಿದವರ ಪಟ್ಟಿ ಮಾಡಿ ಅವರ ಬಳಿಗೆ ಹೋಗಿ. ಧ್ವನಿ ಮುದ್ರಿಸಿಕೊಳ್ಳುವ ಮುನ್ನ ಒಪ್ಪಿಗೆ ಕೇಳಿ, ಆ ಒಪ್ಪಿಗೆಯೂ ಮುದ್ರಣದ ಮೊದಲ ಮಾತಾಗಿ ದಾಖಲಾಗಲಿ. “ನಿಮ್ಮ ವಂಶಾವಳಿ ಹೇಳಿ” ಎಂದು ಕೇಳಿದರೆ ಹಿರಿಯರು ಅಪ್ಪ, ಅಜ್ಜ, ಮುತ್ತಜ್ಜ ಎಂದು ಗಂಡಸರ ಹೆಸರನ್ನಷ್ಟೇ ಹೇಳಿ ನಿಲ್ಲಿಸುತ್ತಾರೆ. “ಅಮ್ಮಾರ, ನಿಮ್ಮ ತವರಮನಿ ಯಾವೂರ್ರೀ? ನಿಮ್ಮ ತೊಟ್ಟಲಾ ಯಾರು ಹೊತ್ತುಕೊಂಡು ಬಂದಿದ್ರು? ನಿಮ್ಮ ಅತ್ತಿ ತವರಮನಿಯವರು ಜಾತ್ರಿಗೆ ಬರತಿದ್ರೇನ್ರೀ?” ಎಂದು ಕೇಳಿ ನೋಡಿ, ಆಗ ಒಂದೊಂದು ತವರಿನ ಹಿಂದೆ ಒಂದೊಂದು ಮನೆತನ ಎದ್ದು ಬರುತ್ತದೆ.

ಇಸವಿ ಕೇಳಿದರೆ ಸಾಮಾನ್ಯವಾಗಿ ಉತ್ತರ ಸಿಗುವುದಿಲ್ಲ, ಯಾವುದರ ಆಚೀಚೆ ಎಂದು ಕೇಳಿದರೆ ಸಿಗುತ್ತದೆ. ಎಪ್ಪತ್ತೆರಡರ ಬರದ ಮುಂಚೆಯೋ ಆಮೇಲೋ, ಗಾಂಧೀಜಿ ತೀರಿಕೊಂಡಾಗ ಲಗ್ನವಾಗಿತ್ತೋ ಇಲ್ಲವೋ ಎಂಬ ಪ್ರಶ್ನೆಗಳಿಗೆ ಹಿರಿಯರು ತಡವರಿಸುವುದಿಲ್ಲ. ಮನೆಯಲ್ಲಿ ಉಳಿದುಬಂದ ಸಂವತ್ಸರದ ಹೆಸರುಗಳೂ ಉಪಯೋಗಕ್ಕೆ ಬರುತ್ತವೆ. ವಿಳಂಬಿ ಎಂದರೆ 1898-99, 1958-59 ಅಥವಾ 2018-19, ಕಾಳಯುಕ್ತಿ ಎಂದರೆ 1918-19 ಅಥವಾ 1978-79. ಅರವತ್ತು ವರ್ಷದ ಈ ಸುತ್ತಿನಲ್ಲಿ ಯಾವ ಸುತ್ತು ಎಂಬುದನ್ನು ಪ್ರಸಂಗವೇ ಹೇಳುತ್ತದೆ. ವಿಳಂಬಿಯಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರೆಂಬ ಮಾತು ಬಂದರೆ ಅದು ಹುಬ್ಬಳ್ಳಿಗೆ ಪ್ಲೇಗು ಹೊಡೆದ 1898ರ ಸುಮಾರು, ಕಾಳಯುಕ್ತಿಯಲ್ಲಿ ಒಂದೇ ವಾರದಲ್ಲಿ ಮನೆಯ ಮೂವರು ಹೋದರೆಂದರೆ ಅದು 1918ರ ಇನ್‌ಫ್ಲುಯೆಂಜಾ ಎಂದು ಊಹಿಸಬಹುದು. ಶಕವರ್ಷವಿದ್ದರೆ 78 ಕೂಡಿಸಿ, ಹಳೆಯ ಕಂದಾಯ ಲೆಕ್ಕದ ಫಸಲಿ ವರ್ಷವಿದ್ದರೆ 590 ಕೂಡಿಸಿ. ಆದರೆ ಲೆಕ್ಕ ಹಾಕಿ ಪಡೆದ ಇಸವಿಯ ಪಕ್ಕದಲ್ಲಿ ಮೂಲದ ಮಾತನ್ನು ಹೇಳಿದಂತೆಯೇ ಉಳಿಸಬೇಕು, ಊಹೆಗೆ “ಸುಮಾರು” ಎಂಬ ಗುರುತು ಬೀಳಬೇಕು.

ಹೆಳವರನ್ನು ಕಾಣುವುದಾದರೆ ಅವರನ್ನು ಬರಿಯ ಮಾಹಿತಿಯ ಮೂಲವೆಂದು ನೋಡಬೇಡಿ. ಹಿಂದೆ ತಾಮ್ರಪಟ, ಓಲೆಗರಿಗಳಲ್ಲಿದ್ದು ಈಗ ಕಾಗದದ ಪುಸ್ತಕದಲ್ಲಿರುವ ಆ ಬರಹ ಅವರ ಹೊಟ್ಟೆಪಾಡು. ಆ ಪುಟಗಳ ಚಿತ್ರ ತೆಗೆದು ಜಾಲತಾಣಕ್ಕೆ ಏರಿಸಿದರೆ ಮುಂದಿನ ವರ್ಷ ಅವರನ್ನು ಕರೆಯುವವರಿರುವುದಿಲ್ಲ. ಸಲ್ಲಬೇಕಾದ ಕಾಣಿಕೆ ಕೊಟ್ಟು, ಮನೆಯವರ ಎದುರಿಗೇ ಓದಿಸಿ, ಅವರು ಒಪ್ಪಿದಷ್ಟನ್ನು ಮಾತ್ರ “ಹೆಳವರ ಹೇಳಿಕೆ” ಎಂಬ ಆಧಾರದೊಡನೆ ಬರೆದುಕೊಳ್ಳಿ. ಪುಟದ ಚಿತ್ರ ಬೇಡವೇ ಬೇಡ.

ಕಾಗದಗಳ ಸರದಿ

ಈ ಸೀಮೆಯಲ್ಲಿ ರೈತ ಮನೆತನಗಳ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಮಾತಾಡುವ ದಾಖಲೆ ಹೊಲದ ಉತಾರ. ಈಗಿನ ಪಹಣಿಯಲ್ಲಿ ಒಡೆಯನ ಹೆಸರಷ್ಟೇ ಇರುತ್ತದೆ. ಹಳೆಯ ಫೇರಫಾರು (ಹಕ್ಕು ಬದಲಾವಣೆಯ) ಪುಸ್ತಕದಲ್ಲಿ ಆ ಹೆಸರು ಅಲ್ಲಿಗೆ ಹೇಗೆ ಬಂತೆಂಬ ಕಥೆಯಿರುತ್ತದೆ. “ಮಯತ” ಎಂದಿದ್ದರೆ ತೀರಿಕೊಂಡವರು, “ವಾರಸಾ” ಎಂದಿದ್ದರೆ ಅವರ ಹಕ್ಕು ಪಡೆದವರು, “ವಾಟ್ನಿ” ಎಂದಿದ್ದರೆ ಅಣ್ಣತಮ್ಮಂದಿರ ಪಾಲು. “ತಂದೆ” ಎಂಬುದು ತಂದೆಯ ಹೆಸರನ್ನು ತಿಳಿಸಿದರೆ, “ಕೋಂ” ಎಂಬುದು ಗಂಡನ ಹೆಸರನ್ನು ತಿಳಿಸುತ್ತದೆ. “ಅ.ಪಾ.ಕ.” ಎಂದು ಬರೆದು ಮುಂದೆ ತಾಯಿಯ ಹೆಸರಿದ್ದರೆ ವಾರಸುದಾರ ಇನ್ನೂ ಅಪ್ರಾಪ್ತ, ತಾಯಿ ಅವನ ಪಾಲಕಿ ಎಂದು ತಿಳಿಯಬೇಕು. ಹೆಣ್ಣುಮಕ್ಕಳ ಹೆಸರು ಅಪರೂಪವಾಗಿರುವ ಆ ಪುಸ್ತಕಗಳಲ್ಲಿ ಈ ಮೂರು ಅಕ್ಷರಗಳು ಬಂಗಾರದಂಥವು.

ಹಳೆಯ ಕಾಗದಗಳಲ್ಲಿ ಬಹಳಷ್ಟು ಮರಾಠಿ ಭಾಷೆಯಲ್ಲಿ, ಮೋಡಿ ಲಿಪಿಯಲ್ಲಿ ಇರುತ್ತವೆ. ಓದಲು ಬಾರದ ಅಕ್ಷರವೆಂದು ಮನೆಯವರು ಗಂಟು ಕಟ್ಟಿ ಅಟ್ಟಕ್ಕೆ ಎಸೆದಿರುತ್ತಾರೆ, ಕೆಲವೊಮ್ಮೆ ನೀರೊಲೆಗೂ ಹಾಕಿರುತ್ತಾರೆ. ಮೋಡಿ ಓದಬಲ್ಲವರು ಈಗಲೂ ಧಾರವಾಡದಲ್ಲಿ ಸಿಗುತ್ತಾರೆ, ಬಳಗದ ಒಬ್ಬರನ್ನು ಅವರಲ್ಲಿ ಕಲಿಯಲು ಕಳುಹಿಸುವುದು ಒಳ್ಳೆಯ ಹೂಡಿಕೆ. ರಾಜ್ಯ ಪತ್ರಾಗಾರದ ಧಾರವಾಡ ಕಚೇರಿಯನ್ನೂ, 1939ರಲ್ಲಿ ಆರಂಭವಾದ ಅಲ್ಲಿಯ ಕನ್ನಡ ಸಂಶೋಧನಾ ಸಂಸ್ಥೆಯನ್ನೂ ಒಮ್ಮೆ ಹೊಕ್ಕು ನೋಡಿ.

ನೂರು ವರ್ಷ ದಾಟಿದ ಕನ್ನಡ ಗಂಡುಮಕ್ಕಳ ಶಾಲೆ, ಹೆಣ್ಣುಮಕ್ಕಳ ಶಾಲೆಗಳ ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಜನ್ಮದಿನಾಂಕ ಇರುತ್ತವೆ. ಮುಖ್ಯಾಧ್ಯಾಪಕರ ಲಿಖಿತ ಅನುಮತಿ ಪಡೆದು, ಅವರ ಎದುರಿಗೇ ಪುಸ್ತಕ ತೆರೆಯಬೇಕು. ಆದರೆ ಅಲ್ಲಿಯ ಜನ್ಮದಿನಾಂಕವನ್ನು ಕಣ್ಣು ಮುಚ್ಚಿ ನಂಬಬೇಡಿ. ಅರ್ಧ ಊರೇ ಜೂನ್ 1ರಂದು ಹುಟ್ಟಿದೆ ಎಂದು ಪುಸ್ತಕ ಹೇಳಿದರೆ, ಶಾಲೆಗೆ ಸೇರಿಸಲು ಬಂದ ಮಗುವನ್ನು ನೋಡಿ ಮಾಸ್ತರರು ಅಂದಾಜು ಮಾಡಿದರು ಎಂದೇ ಅರ್ಥ.

ಉಳಿದವು ಮನೆತನಕ್ಕೆ ತಕ್ಕಂತೆ ಬೇರೆಯಾಗುತ್ತವೆ. ಬಾಸೆಲ್ ಮಿಶನ್ ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದುದರಿಂದ ಕ್ರೈಸ್ತ ಕುಟುಂಬಗಳಿಗೆ ಚರ್ಚಿನ ಪುಸ್ತಕಗಳಿವೆ. ನಾಸಿಕ, ಕಾಶಿಗಳಿಗೆ ಹೋಗಿಬಂದ ಮನೆತನಗಳ ಹೆಸರು ಅಲ್ಲಿಯ ತೀರ್ಥಪುರೋಹಿತರ ವಹಿಗಳಲ್ಲಿ ಸಿಗಬಹುದು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿದ ಸೀಮೆ ಇದು, ಆದ್ದರಿಂದ ನಿಮ್ಮೂರಿನ ಹಳೆಯ ಸೊಸಾಯಿಟಿಯ ಸದಸ್ಯರ ಪಟ್ಟಿಯನ್ನೂ ಕೇಳಿ ನೋಡಿ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಗೆ ದುಡಿಯಲು ಹೋದವರ ಮನೆಗಳಲ್ಲಿ ನೌಕರಿಯ ಪುಸ್ತಕ ಜೋಪಾನವಾಗಿರುತ್ತದೆ.

ಇಬ್ಬರು ಬಸಪ್ಪಂದಿರು

ಹೆಸರುಗಳನ್ನು ಏರಿಸುವ ಹಂತದಲ್ಲಿ ಆಗುವಷ್ಟು ತಪ್ಪು ಬೇರೆಲ್ಲಿಯೂ ಆಗುವುದಿಲ್ಲ. ಹೆಸರು ಬದಲಿಸಿ ಒಂದು ಉದಾಹರಣೆ ಹೇಳುತ್ತೇನೆ. “ಬಸಪ್ಪ ತಂದೆ ಫಕೀರಪ್ಪ” ಎಂಬುವವರು ಒಂದೇ ಹೊಲದ ಎರಡು ಫೇರಫಾರುಗಳಲ್ಲಿ ಸಿಕ್ಕರು. ಒಂದೇ ಊರು, ಒಂದೇ ಸರ್ವೆ ನಂಬರು, ಒಂದೇ ಅಡ್ಡಹೆಸರು ಇದ್ದುದರಿಂದ ನಾವು ಒಬ್ಬರೇ ಎಂದು ಸೇರಿಸಿಬಿಟ್ಟೆವು. ವಂಶವೃಕ್ಷ ಬಿಡಿಸಿ ನೋಡಿದಾಗ ಆ ಬಸಪ್ಪನವರಿಗೆ ತೊಂಬತ್ತನೆಯ ವಯಸ್ಸಿನಲ್ಲಿ ಮಗ ಹುಟ್ಟಿದ್ದ. ಅನುಮಾನದ ಕಣ್ಣಿನ ನಮ್ಮ ಗೆಳೆಯರು ಪುಸ್ತಕವನ್ನು ಮತ್ತೆ ತೆರೆಸಿದಾಗ ಎರಡು ನೋಂದುಗಳ ನಡುವೆ 47 ವರ್ಷದ ಅಂತರವೂ, ಎರಡನೆಯದರಲ್ಲಿ “ಅ.ಪಾ.ಕ. ತಾಯಿ ನಿಂಗವ್ವ” ಎಂಬ ಮಾತೂ ಕಂಡವು. ತೊಂಬತ್ತರ ಮುದುಕನಿಗೆ ತಾಯಿ ಪಾಲಕಿಯಾಗಲು ಬರುವುದಿಲ್ಲ! ಅವರು ಅಜ್ಜ ಮತ್ತು ಮೊಮ್ಮಗ.

ಹಿರಿಯರ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ರೂಢಿಯಿಂದ ಫಕೀರಪ್ಪ, ಬಸಪ್ಪ, ಮತ್ತೆ ಫಕೀರಪ್ಪ, ಮತ್ತೆ ಬಸಪ್ಪ ಎಂದು ಹೆಸರುಗಳು ತಲೆಮಾರು ಬಿಟ್ಟು ತಲೆಮಾರಿಗೆ ಮರಳುತ್ತವೆ. ಆದ್ದರಿಂದ ಹೆಸರು, ತಂದೆಯ ಹೆಸರು, ಊರು ಈ ಮೂರು ಕೂಡಿದರೂ ಇಬ್ಬರನ್ನು ಒಬ್ಬರೆಂದು ಸೇರಿಸಬೇಡಿ. ತಾಯಿಯ ಹೆಸರು, ಹೆಂಡತಿಯ ಹೆಸರು ಅಥವಾ ಇಸವಿ ಇವುಗಳಲ್ಲಿ ಇನ್ನೊಂದಾದರೂ ಹೊಂದಿಕೆಯಾಗುವವರೆಗೆ ಇಬ್ಬರೆಂದೇ ಬಿಟ್ಟಿರಿ. ಬೇರೆಯಾಗಿರುವ ಇಬ್ಬರನ್ನು ಮುಂದೆ ಕೂಡಿಸುವುದು ಸುಲಭ, ತಪ್ಪಾಗಿ ಕೂಡಿದ್ದನ್ನು ಬಿಡಿಸುವುದು ಕಗ್ಗಂಟು.

ಅಡ್ಡಹೆಸರಿನದು ಬೇರೆಯೇ ತಾಪತ್ರಯ. ಲಕ್ಕುಂಡಿಯಿಂದ ಗದಗಕ್ಕೆ ಬಂದ ತಮ್ಮ ಗದಗದಲ್ಲಿ ‘ಲಕ್ಕುಂಡಿ’ಯಾಗುತ್ತಾನೆ, ಊರಲ್ಲೇ ಉಳಿದ ಅಣ್ಣ ‘ಪಾಟೀಲ’ನಾಗಿಯೇ ಇರುತ್ತಾನೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಎಂಬ ಹೆಸರುಗಳು ಒಂದಕ್ಕೊಂದು ನೆಂಟಸ್ತಿಕೆಯಿಲ್ಲದ ಮನೆತನಗಳಲ್ಲಿ ಇರುತ್ತವೆ. ಅಡ್ಡಹೆಸರನ್ನು ದಾಖಲೆಯಲ್ಲಿದ್ದಂತೆ ಬರೆದು, ಮನೆತನವನ್ನು ಒಂದು ಸಂಖ್ಯೆಯಿಂದ ಗುರುತಿಸುವುದೇ ಸರಿಯಾದ ದಾರಿ. ಈರಪ್ಪ-ವೀರಪ್ಪ, ಯಲ್ಲವ್ವ-ಎಲ್ಲವ್ವ, ಪಾಟೀಲ-ಪಾಟೀಲ್ ಎಂಬಂಥ ರೂಪಗಳನ್ನೆಲ್ಲ ಪರ್ಯಾಯ ಹೆಸರಾಗಿ ಸೇರಿಸಿದರೆ ಹುಡುಕುವವರಿಗೆ ಯಾವ ರೂಪದಿಂದಲಾದರೂ ಸಿಗುತ್ತದೆ.

ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವ ಪದ್ಧತಿಯಿಂದ ಒಬ್ಬರೇ ಅಜ್ಜ ಎರಡು ಕಡೆಯಿಂದ ಅಜ್ಜನಾಗುತ್ತಾರೆ. ಅವರನ್ನು ಎರಡು ಸಲ ಏರಿಸಬೇಡಿ, ಒಮ್ಮೆ ಏರಿಸಿ ಎರಡೂ ಕಡೆಯಿಂದ ಕೊಂಡಿ ಹಾಕಿ. ದತ್ತಕ ಹೋದವರಿಗೆ ಹೆತ್ತವರು, ಸಾಕಿದವರು ಎಂಬ ಎರಡೂ ಸಂಬಂಧಗಳನ್ನು ಪ್ರತ್ಯೇಕ ಗುರುತಿನೊಡನೆ ತೋರಿಸಬೇಕು. ಮನೆಅಳಿಯನಾಗಿ ಬಂದವರ ಮಕ್ಕಳು ಕೆಲವೊಮ್ಮೆ ತಾಯಿಯ ಮನೆತನದ ಅಡ್ಡಹೆಸರನ್ನೇ ಹೊತ್ತಿರುತ್ತಾರೆ, ಅಲ್ಲಿ ತಂದೆಯ ಮನೆತನ ಕಾಣೆಯಾಗದಂತೆ ನೋಡಿಕೊಳ್ಳಿ.

ಪ್ರತಿಯೊಂದು ಹೆಸರಿನ ಕೆಳಗೆ ಆಧಾರವನ್ನು ಬರೆಯಲೇಬೇಕು: ಯಾವ ಪುಸ್ತಕ, ಯಾವ ಪುಟ ಅಥವಾ ಫೇರಫಾರು ಸಂಖ್ಯೆ, ಯಾರು ಯಾವಾಗ ನೋಡಿದರು, ಬಾಯಿಮಾತಾದರೆ ಆ ಮನೆಯ ಯಾವ ಹಿರಿಯರು ಹೇಳಿದರು ಎಂಬುದಿರಲಿ. ಆಧಾರದ ಜಾಗ ಖಾಲಿಯಿದ್ದರೆ ಹೆಸರು ಏರಬಾರದೆಂಬ ನಿಯಮವನ್ನು ಮೊದಲ ದಿನವೇ ಮಾಡಿ. ಎರಡು ಆಧಾರಗಳು ಒಂದಕ್ಕೊಂದು ವಿರುದ್ಧವಾದರೆ ತೀರ್ಪು ಕೊಡುವ ಆತುರ ಬೇಡ, ಎರಡನ್ನೂ ತೋರಿಸಿ.

ಬದುಕಿರುವವರ ಮರೆ

ಬದುಕಿರುವವರ ಹೆಸರು, ಜನ್ಮದಿನಾಂಕ, ಚಿತ್ರ ಯಾವುದೂ ಬಹಿರಂಗವಾಗಿ ಕಾಣಬಾರದು. ಮರಣದ ಆಧಾರವಿಲ್ಲದವರನ್ನು, ಹುಟ್ಟಿ ನೂರು ವರ್ಷ ದಾಟುವವರೆಗೆ, ಬದುಕಿದ್ದಾರೆಂದೇ ಭಾವಿಸಬೇಕು. ವೆಬ್‌ಟ್ರೀಸ್‌ನಲ್ಲಿ ಈ ಮರೆಯನ್ನು ತಂತ್ರಾಂಶವೇ ನೋಡಿಕೊಳ್ಳುವಂತೆ ಹೊಂದಿಸಬಹುದು, ಆದರೂ ಹೊಂದಿಸಿದ ಮೇಲೆ ಹೊರಗಿನವರಂತೆ ಪ್ರವೇಶಿಸಿ ಒಮ್ಮೆ ಪರೀಕ್ಷಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಹುತೇಕ ಒಪ್ಪಿಗೆಯ ಮೇಲೆ ನಿಂತಿದೆ, ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕೂ ಅದರಲ್ಲಿದೆ. ಆದ್ದರಿಂದ ಒಪ್ಪಿಗೆಯ ಕಾಗದಕ್ಕೆ ಸಹಿ ಪಡೆದು ಕಡತದಲ್ಲಿಡಿ, ತೆಗೆಯಿರಿ ಎಂದವರಿಗೆ ಕಾರಣ ಕೇಳದೆ ತೆಗೆಯಿರಿ.

ತೀರಿಕೊಂಡವರ ವಿಷಯದಲ್ಲಿಯೂ ಎಲ್ಲವನ್ನೂ ಹೇಳಬೇಕೆಂಬ ಹಟ ಬೇಡ. ಉಡಕಿಯ ಮದುವೆ (ಹೆಣ್ಣಿನ ಮರುಮದುವೆ), ತಂದೆಯ ಹೆಸರಿನ ಜಾಗದಲ್ಲಿ ತಾಯಿಯ ಹೆಸರು, ಊರು ಬಿಟ್ಟು ಹೋಗಲು ಕಾರಣವಾದ ಜಗಳ ಇಂಥವು ಕಡತದಲ್ಲಿ ಇರಲಿ, ಪ್ರಕಟಣೆಗೆ ಮಾತ್ರ ಮನೆಯವರ ಮಾತು ನಡೆಯಲಿ. ಜಾತಿಯ ಕಾಲಮನ್ನು ನಾವು ಬಹಿರಂಗ ಪುಟದಿಂದ ತೆಗೆದುಹಾಕಿದ್ದೇವೆ, ಅದರಿಂದ ಹುಡುಕಾಟಕ್ಕೆ ಏನೂ ಕೊರತೆಯಾಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ಮನೆಯವರ ಮಾತಿಗೆ ಬಾಗಬೇಡಿ. ಹೊಲದ ತಂಟೆಯಿರುವ ಮನೆಗಳಿಂದ ತೀರಿಕೊಂಡ ಅಕ್ಕತಂಗಿಯರ ಹೆಸರನ್ನು ತೆಗೆಯಿರಿ ಎಂಬ ಬೇಡಿಕೆ ಬರುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಂತೆ ಹಕ್ಕು ಬಂದಿರುವುದರಿಂದ ಆ ಬೇಡಿಕೆಯ ಮರ್ಮ ಎಲ್ಲರಿಗೂ ಗೊತ್ತಿರುವಂಥದ್ದೇ. ಬಳಗದ ಉತ್ತರ ಸಿದ್ಧವಿರಲಿ: ಇಡೀ ಮನೆತನದ ಪುಟವನ್ನು ಮುಚ್ಚುತ್ತೇವೆ, ಒಬ್ಬಳ ಹೆಸರನ್ನು ಮಾತ್ರ ಅಳಿಸುವುದಿಲ್ಲ. ಜೊತೆಗೆ, ಈ ಜಾಲತಾಣದ ವಂಶಾವಳಿ ಕೋರ್ಟು ಕಚೇರಿಗೆ ದಾಖಲೆಯಲ್ಲ, ವಂಶವೃಕ್ಷ ದೃಢೀಕರಣ ಪತ್ರ ಬೇಕಾದವರು ನಾಡಕಚೇರಿಗೆ ಅರ್ಜಿ ಹಾಕಬೇಕು ಎಂಬ ಸೂಚನೆ ಪ್ರತಿ ಪುಟದ ಅಡಿಯಲ್ಲಿರಲಿ.

ಚಿತ್ರ, ಪ್ರತಿ, ತಿದ್ದುಪಡಿ

ಕಾಗದಗಳನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ), ಚಿಕ್ಕ ಫೋಟೋಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಮೂಲಪ್ರತಿ ಟಿಫ್ ನಮೂನೆಯಲ್ಲಿ ಉಳಿಯಲಿ, ಜಾಲತಾಣಕ್ಕೆ ಸಣ್ಣ ಜೆಪೆಗ್ ಸಾಕು. ಫೋಟೋವನ್ನು ಚೌಕಟ್ಟಿನಿಂದ ಕೀಳಲು ಹೋಗಬೇಡಿ, ಗಾಜಿಗೆ ಅಂಟಿಕೊಂಡಿದ್ದರೆ ಮುಖವೇ ಹರಿದುಬರುತ್ತದೆ. ಫೋಟೋದ ಹಿಂಬದಿಯ ಬರಹ ಕಾಣುವಂತಿದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ಮೂಲವನ್ನು ಅದೇ ದಿನ ಮನೆಯವರಿಗೆ ಮರಳಿಸುವುದು ನಮ್ಮಲ್ಲಿ ತಪ್ಪದ ನಿಯಮ, ಒಂದು ಫೋಟೋ ಕಳೆದರೆ ಇಡೀ ಓಣಿಯ ಬಾಗಿಲು ಮುಚ್ಚುತ್ತದೆ. ಎಲ್ಲ ಕಡತಗಳ ಮೂರು ಪ್ರತಿಗಳಿರಬೇಕು, ಎರಡು ಬೇರೆ ಬಗೆಯ ಸಾಧನಗಳಲ್ಲಿ, ಅದರಲ್ಲೊಂದು ಬೇರೆ ಊರಿನಲ್ಲಿ. ನಮ್ಮ ಮೂರನೆಯ ಪ್ರತಿ ಹುಬ್ಬಳ್ಳಿಯಲ್ಲಿದೆ, ಮೂರು ತಿಂಗಳಿಗೊಮ್ಮೆ ಯಾರಾದರೂ ರೈಲಿನಲ್ಲಿ ಹೋಗಿ ಹಾರ್ಡ್ ಡಿಸ್ಕ್ ಬದಲಿಸಿ ಬರುತ್ತಾರೆ.

ತಿದ್ದುಪಡಿಯ ಪತ್ರಗಳಿಗೆ ಹದಿನೈದು ದಿನದೊಳಗೆ ಉತ್ತರ ಹೋಗಲಿ. ತಿದ್ದಿದಾಗ ಹಳೆಯ ಮಾಹಿತಿಯನ್ನು ಅಳಿಸದೆ, ಯಾರು, ಯಾವ ಆಧಾರದಿಂದ, ಯಾವಾಗ ತಿದ್ದಿದರು ಎಂಬುದನ್ನು ಒಳಕಡತದಲ್ಲಿ ಉಳಿಸಿ. ವರ್ಷಕ್ಕೊಮ್ಮೆ, ಊರ ಜಾತ್ರೆಗೆ ಹೊರಗಿನವರೆಲ್ಲ ಬಂದಿರುವ ದಿನಗಳಲ್ಲಿ, ತೀರಿಕೊಂಡವರ ಹೆಸರಷ್ಟೇ ಇರುವ ವಂಶವೃಕ್ಷಗಳನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿ ಗುಡಿಯ ಕಟ್ಟೆಯ ಬಳಿ ಹರಡಿ, ಪಕ್ಕದಲ್ಲೊಂದು ಕೆಂಪು ಪೆನ್ನು ಇಡಿ. ಕಳೆದ ಜಾತ್ರೆಯಲ್ಲಿ ಒಬ್ಬ ಅಜ್ಜಿ ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿ, “ತಮ್ಮಾ, ನಮ್ಮ ಅವ್ವನ ಜೋಡಿ ಹುಟ್ಟಿದಾಕಿ ಒಬ್ಬಾಕಿ ಇದ್ಲು, ಆಕಿನ್ನ ಬಿಟ್ಟೀರಿ” ಎಂದರು. ಹೆಸರು ಬರೆದುಕೊಂಡೆವು, ಆಧಾರದ ಜಾಗದಲ್ಲಿ ಆ ಅಜ್ಜಿಯ ಹೇಳಿಕೆಯನ್ನೂ ಜಾತ್ರೆಯ ದಿನಾಂಕವನ್ನೂ ಬರೆದೆವು.